ಮೇಲೇರಿದವರ ಕಥೆಗಳು

ಮಾನ್ಯ ಸಂಪಾದಕರೇ,

ಅರವಿಂದ ಅಡಿಗರ ‘ದಿ ವೈಟ್ ಟೈಗರ್’ 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದಾಗಿನಿಂದ ಅದನ್ನು ಬಡವನ ಸಿಟ್ಟಿನ ಕಾದಂಬರಿ ಎಂದೇ ಹೊಗಳಲಾಗುತ್ತಿದೆ. ಚಾಲಕ ಬಲರಾಮ ತನ್ನ ಧಣಿಯನ್ನು ಕೊಂದು, ಹಣ ದೋಚಿ ಬೆಂಗಳೂರಿಗೆ ಬಂದ ಮೇಲಿನ ಪುಟಗಳ ಬಗ್ಗೆ ಮಾತ್ರ ಹೆಚ್ಚಿನವರು ಮೌನ. ಅಲ್ಲಿ ಅವನು ಮಾಡುವ ಮೊದಲ ಜಾಣತನವೆಂದರೆ ಪೊಲೀಸರಿಗೆ ಲಂಚ ಕೊಟ್ಟು, ಪೈಪೋಟಿಯ ಟ್ಯಾಕ್ಸಿಗಳ ಲೈಸೆನ್ಸ್ ಇಲ್ಲದ ಚಾಲಕರನ್ನು ಹಿಡಿಸುವುದು! ಅಂದರೆ, ಒಬ್ಬ ಚಾಲಕ ಮೇಲೇರಿದ್ದು ಬೇರೆ ಚಾಲಕರ ಹೊಟ್ಟೆಯ ಮೇಲೆ ಹೊಡೆದು. ಇದನ್ನು ಬಂಡಾಯವೆಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ. ಬಹುಶಃ ಲೇಖಕರಿಗೂ ಆ ಭ್ರಮೆ ಇರಲಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಇಂಥ ರಕ್ತಪಾತವೇನೂ ಕಣ್ಣಿಗೆ ಕಾಣುವುದಿಲ್ಲ. ಮಸಾಲೆ ವ್ಯಾಪಾರ ಕೈಹಿಡಿಯುತ್ತದೆ. ಇರುವೆಗಳ ಕಾಟದ ಪುಟ್ಟ ಮನೆ ಬಿಟ್ಟು ಕುಟುಂಬ ದೊಡ್ಡ ಮನೆ ಸೇರುತ್ತದೆ. ಆದರೆ ದುಡಿಯುವ ಚಿಕ್ಕಪ್ಪನನ್ನು ಕಾಯುವುದೇ ಎಲ್ಲರ ಧರ್ಮವಾಗಿ, ಅವನನ್ನು ಹುಡುಕಿಕೊಂಡು ಬಂದ ಹೆಣ್ಣೊಬ್ಬಳನ್ನು ಮನೆಯ ಹೆಂಗಸರೇ ಬೈದು ಅಟ್ಟುತ್ತಾರೆ. ನಿರೂಪಕ ಸುಮ್ಮನಿರುತ್ತಾನೆ. ಅವನಿಗೆ ಕೆಲಸ ಮಾಡದೆಯೂ ಸಂಬಳ ಬರುತ್ತದಲ್ಲ! ಬಲರಾಮನ ಕೊಲೆಗಿಂತ ಈ ಮೌನವೇ ನನ್ನನ್ನು ಹೆಚ್ಚು ಹೆದರಿಸಿತು.

ಎರಡರಲ್ಲೂ ಕಥೆ ಹೇಳುವವರು ಗೆದ್ದ ಕಡೆಯವರೇ. ಅಟ್ಟಿಸಿಕೊಂಡ ಹೆಣ್ಣೋ, ಸಿಕ್ಕಿಬಿದ್ದ ಚಾಲಕನೋ ಹೇಳುವ ಕಾದಂಬರಿಗಳ ಬಗ್ಗೆ ನಿಮ್ಮ ಸಾಪ್ತಾಹಿಕ ಪುರವಣಿ ಒಂದು ಲೇಖನ ಪ್ರಕಟಿಸಲಿ.

– ಒಬ್ಬ ಓದುಗ, ಮೈಸೂರು