ನೋಟಿಸ್ ಅಂಟಿಸಿದ ದಿನವೇ ಉತ್ತರಕ್ಕೆ ಕೂರಿ

ಮಾನ್ಯರೇ,

ಅನಧಿಕೃತ ಕಟ್ಟಡವೆಂದು ಪಾಲಿಕೆಯವರು ಬಾಗಿಲಿಗೆ ನೋಟಿಸ್ ಅಂಟಿಸಿದರೆ ಅನೇಕರು ಮೊದಲು ಓಡುವುದು ಪರಿಚಯದ ರಾಜಕಾರಣಿಯ ಮನೆಗೆ. ಅಷ್ಟರಲ್ಲಿ ಉತ್ತರದ ಗಡುವೇ ಮುಗಿದಿರುತ್ತದೆ.

ಮೈಸೂರು, ಹುಬ್ಬಳ್ಳಿ–ಧಾರವಾಡದಂಥ ನಗರಗಳಿಗೆ ಅನ್ವಯಿಸುವ 1976ರ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಪ್ರಕಾರ ಮೊದಲು ಬರುವುದು ತಾತ್ಕಾಲಿಕ ಆದೇಶ, ಜತೆಗೆ ಕಾರಣ ಕೇಳುವ ನೋಟಿಸ್. ಮಂಜೂರಾದ ನಕ್ಷೆ ಮತ್ತು ಈಗಿರುವ ಕಟ್ಟಡದ ಅಳತೆ ನಕ್ಷೆಯನ್ನು ಎಂಜಿನಿಯರ್‌ ಕೈಯಲ್ಲಿ ಹೋಲಿಸಿ ಬರೆಸಿ. ನಾಲ್ಕೂ ಬದಿಯ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಅದರಲ್ಲಿ ಕಾಣಬೇಕು. ಉತ್ತರ ಕೊಟ್ಟು, ಟಪಾಲು ವಿಭಾಗದ ಮೊಹರು, ತಾರೀಖು ಬಿದ್ದ ಪ್ರತಿ ಇಟ್ಟುಕೊಳ್ಳಿ. ‘ಉತ್ತರವೇ ಬಂದಿಲ್ಲ’ ಎಂಬ ಒಂದು ಸಾಲಿನಿಂದ ಸೋತ ಪ್ರಕರಣಗಳಿವೆ.

ಆದೇಶ ದೃಢಪಟ್ಟರೆ 443ಎ ಕಲಂ ಅಡಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಜೆಸಿಬಿ ನಿಲ್ಲದು, ತಡೆಯಾಜ್ಞೆಗೆ ಪ್ರತ್ಯೇಕ ಮಧ್ಯಂತರ ಅರ್ಜಿ ಬೇಕೇ ಬೇಕು. ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು, ಕೆಡವುವ ಮುನ್ನ ಕನಿಷ್ಠ 15 ದಿನಗಳ ನೋಟಿಸ್, ಖುದ್ದು ಅಹವಾಲು, ಅಂತಿಮ ಆದೇಶದ ನಂತರವೂ 15 ದಿನ ಕಡ್ಡಾಯವೆಂದಿದೆ. ರಸ್ತೆ, ಫುಟ್‌ಪಾತ್, ಕೆರೆ–ನದಿ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ.

ಬೀಗಮುದ್ರೆ ಬಿದ್ದಿದ್ದರೆ ಅರಗಿಗೆ ಕೈ ಹಚ್ಚಬೇಡಿ. ಒಳಗಿರುವ ಸರಕು, ದಾಖಲೆ ತೆಗೆಯಲು ಆಯುಕ್ತರಿಗೆ ಪಟ್ಟಿ ಸಮೇತ ಲಿಖಿತ ಅರ್ಜಿ ಕೊಡಿ. ‘ಅಕ್ರಮ–ಸಕ್ರಮ ಬರುತ್ತದೆ’ ಎಂದು ಕಾಯುವುದಂತೂ ಬೇಡ, ದಂಡ ಕಟ್ಟಿಸಿಕೊಂಡು ನಿಯಮ ಮೀರಿದ ಕಟ್ಟಡಗಳನ್ನು ಸಕ್ರಮಗೊಳಿಸುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ನೀಡಿದೆ.