ಶೇಷ ಸೊನ್ನೆ ಬಂದರೆ ಉತ್ತರ ಒಂದಲ್ಲ

ಮಾನ್ಯರೇ,

ಬೆಟಗೇರಿಯಲ್ಲಿ ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವನು ನಾನು. ಮೊಮ್ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆಂದು ತಂದ ಗೈಡನ್ನು ಮೊನ್ನೆ ತಿರುವಿ ಹಾಕಿದೆ. 2ರ 2024ನೇ ಘಾತದ ಬಿಡಿ ಸ್ಥಾನದ ಅಂಕಿ ಯಾವುದೆಂಬ ಪ್ರಶ್ನೆಗೆ ಉತ್ತರ 1 ಎಂದು ಅಚ್ಚಾಗಿದೆ! ಎರಡನ್ನು ಎಷ್ಟು ಸಲ ಎರಡರಿಂದ ಗುಣಿಸಿದರೆ ಬೆಸ ಸಂಖ್ಯೆ ಬಂದೀತು?

2, 4, 8, 16, 32 ಎಂದು ಬರೆಯುತ್ತ ಹೋದರೆ ಕೊನೆಯ ಅಂಕಿ 2, 4, 8, 6 ಆಗಿ ಮತ್ತೆ 2ಕ್ಕೆ ಮರಳುತ್ತದೆ, ಸೀರೆಯ ದಡಿಯ ಚಿತ್ತಾರದಂತೆ. 2024ನ್ನು 4ರಿಂದ ಭಾಗಿಸಿದರೆ ಶೇಷ ಸೊನ್ನೆ; ಅಂದರೆ ಸುತ್ತು ಪೂರ್ತಿಯಾಯಿತು, ನಾಲ್ಕನೆಯ ಅಂಕಿಯಾದ 6 ಸರಿಯುತ್ತರ. ಗೈಡ್ ಬರೆದವರು ಅದನ್ನು ಸೊನ್ನೆಯ ಘಾತವೆಂದುಕೊಂಡು, ಯಾವ ಸಂಖ್ಯೆಯ ಸೊನ್ನೆಯ ಘಾತವೂ 1 ತಾನೇ ಎಂದು, 1 ಹಾಕಿರಬೇಕು. 7ರ ಸುತ್ತು 7, 9, 3, 1. ಅಲ್ಲಿ ಈ ತಪ್ಪು ದಾರಿಯೂ ಸರಿಯುತ್ತರಕ್ಕೇ ಮುಟ್ಟಿಸುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲವೇನೋ.

ಬೆಲೆ ಮಾತ್ರ 450 ರೂಪಾಯಿ. ಅಂಗಡಿಯವರು ಮುಂದಿನ ಮುದ್ರಣದಲ್ಲಿ ಸರಿಹೋಗುತ್ತದೆ ಎಂದರು. ಪರೀಕ್ಷೆ ಮುಂದಿನ ತಿಂಗಳೇ ಇದೆ. ಪ್ರಕಾಶಕರು ತಿದ್ದುಪಡಿಯ ಚೀಟಿಯನ್ನಾದರೂ ಹಂಚಲಿ.

– ಒಬ್ಬ ನೇಕಾರ, ಬೆಟಗೇರಿ, ಗದಗ