ಅಜ್ಜಿ ಫೋಟೋ ತೆಗೆಯೋಕೆ ಮುಂಚೆ ಇದನ್ನ ಓದ್ಕೊ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕ್ಯಾಮೆರಾ ತಗೊಂಡಿದ್ದು ನಿಮ್ಮಮ್ಮ ಫೋನ್ ಮಾಡಿ ಹೇಳಿದ್ಲು, ಶಿವರಾತ್ರಿ ರಜಕ್ಕೆ ಊರಿಗೆ ಹೋಗಿ ಅಜ್ಜಿದು ಪೋರ್ಟ್ರೇಟ್ ತೆಗೀತೀನಿ ಅಂತಿದೀಯಂತೆ, ತುಂಬಾ ಸಂತೋಷ ಆಯ್ತು ಕಣೋ. ಒಂದೆರಡು ಟಿಪ್ಸ್ ಹೇಳು ದೊಡ್ಡಮ್ಮ ಅಂತ ಮೆಸೇಜ್ ಹಾಕಿದ್ದೆ, ಅದು ಒಂದೆರಡು ಸಾಲಲ್ಲಿ ಮುಗಿಯೋ ವಿಷ್ಯ ಅಲ್ಲ, ಅದಕ್ಕೆ ಕೂತ್ಕೊಂಡು ಉದ್ದಕ್ಕೆ ಟೈಪ್ ಮಾಡ್ತಿದೀನಿ, ಪುರ್ಸೊತ್ತು ಮಾಡ್ಕೊಂಡು ಓದು.

ತುಮಕೂರಲ್ಲಿ ನಮ್ಮ ಸ್ಟುಡಿಯೋ ಇದ್ದಷ್ಟು ವರ್ಷ ನಿಮ್ಮ ದೊಡ್ಡಪ್ಪ ಒಳಗೆ ಫೋಟೋ ತೆಗೀತಿದ್ರು, ಕೌಂಟರಲ್ಲಿ ಕೂರ್ತಿದ್ದೋಳು ನಾನು. ಮನೇಲಿ ಯಾರಾದ್ರೂ ತೀರ್ಕೊಂಡ ಮಾರನೇ ದಿನ ಜನ ಬರೋರು, ಕಾರ್ಯದ ದಿನ ಹಾರ ಹಾಕೋಕೆ ದೊಡ್ಡ ಫೋಟೋ ಬೇಕು ಅಂತ. ಕೈಲಿ ಏನಿರ್ತಿತ್ತು ಗೊತ್ತಾ, ಒಂದು ವೋಟರ್ ಐಡಿ, ಇಲ್ಲಾಂದ್ರೆ ಪಾಸ್‌ಬುಕ್ಕಿಗೆ ಅಂಟಿಸಿದ ಸ್ಟಾಂಪ್ ಸೈಜ್ ಫೋಟೋ, ಅದರ ಅರ್ಧ ಗಲ್ಲದ ಮೇಲೆ ನೇರಳೆ ಇಂಕಿನ ಸೀಲು. ಇನ್ನೂ ಕೆಲವರು ಮದುವೆ ಗ್ರೂಪ್ ಫೋಟೋ ತರೋರು, ಹಿಂದಿನ ಸಾಲಲ್ಲಿ ಯಾರದೋ ಭುಜದ ಸಂದೀಲಿ ಉಗುರಷ್ಟು ಮುಖ, ಇದೇ ನಮ್ಮಪ್ಪ, ಇದನ್ನೇ ದೊಡ್ಡದು ಮಾಡ್ಕೊಡಿ ಅಂತ. ದೊಡ್ಡಪ್ಪ ರಾತ್ರಿಯೆಲ್ಲ ಕೂತು ರೀಟಚ್ ಮಾಡೋರು, ಆದ್ರೆ ಮೂಲದಲ್ಲೇ ಇಲ್ಲದ ಕಣ್ಣನ್ನ ಎಲ್ಲಿಂದ ತರ್ತಾರೆ ಹೇಳು, ಬೆಳಿಗ್ಗೆ ಬಂದು ಪ್ರಿಂಟ್ ನೋಡಿದ ಮಗ ನಮ್ಮಪ್ಪ ಹಿಂಗಿರ್ಲಿಲ್ಲ ಮೇಡಂ ಅಂತ ಕೌಂಟರ್ ಮುಂದೆನೇ ಅಳೋನು. ನಮ್ಮಮ್ಮನ ಫೋಟೋಗೆ ಆ ಗತಿ ಬರಬಾರದು. ಬಿಡ್ತು ಅನ್ನು ಅಂತ ನಿಮ್ಮಮ್ಮ ನನಗೆ ಬೈತಾಳೆ, ಬೈಲಿ, ಹೇಳೋ ಮಾತು ಹೇಳ್ಲೇಬೇಕು. ದೊಡ್ಡೋರ ಫೋಟೋನ ಅವರು ಓಡಾಡ್ಕೊಂಡು, ಬೈಕೊಂಡು, ನಗ್ತಾ ಗಟ್ಟಿಯಾಗಿರುವಾಗಲೇ ತೆಗೀಬೇಕು, ಚೆನ್ನಾಗಿ ತೆಗೀಬೇಕು. ಅಜ್ಜಿ ಹತ್ರ ಮಾತ್ರ ಈ ಕಾರಣ ಎತ್ತಬೇಡ, ಹೊಸ ಕ್ಯಾಮೆರಾ ಅಜ್ಜಿ, ಮೊದಲನೇ ಫೋಟೋ ನಿಂದೇ ಅನ್ನು, ಸಾಕು.

ಇನ್ನು ಹೋಗೋ ದಿನದ ವಿಚಾರ. ಶಿವರಾತ್ರಿ ದಿನ ಅಜ್ಜಿ ಉಪವಾಸ, ರಾತ್ರಿಯೆಲ್ಲ ಜಾಗರಣೆ, ಮಾರನೇ ದಿನ ಕಣ್ಣು ಊದ್ಕೊಂಡು ಮುಖ ಬಾಡಿರುತ್ತೆ. ಅದಕ್ಕೆ ಹಬ್ಬಕ್ಕೆ ಎರಡು ದಿನ ಮುಂಚೆನೇ ಹೋಗು. ಹೋದ ತಕ್ಷಣ ಕ್ಯಾಮೆರಾ ಹೊರಗೆ ತೆಗೀಬೇಡ, ಒಂದು ದಿನ ಸುಮ್ನೆ ಇರು, ಅಜ್ಜಿ ಯಾವ ಹೊತ್ತಲ್ಲಿ ಎಲ್ಲಿ ಕೂರುತ್ತೆ, ಬೆಳಕು ಎಲ್ಲಿಂದ ಬರುತ್ತೆ ನೋಡ್ಕೊ. ಬ್ಯಾಟರಿ ಹಿಂದಿನ ರಾತ್ರಿನೇ ಚಾರ್ಜ್‌ಗೆ ಹಾಕು, ಊರಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಕಾರ್ಡ್ ಖಾಲಿ ಇರ್ಲಿ. ಲೆನ್ಸ್‌ನ ಮೆತ್ತನೆ ಬಟ್ಟೇಲಿ ಒರೆಸು, ಫೋನಲ್ಲಿ ತೆಗೆದ್ರೂ ಅಷ್ಟೇ, ಬೆರಳಿನ ಜಿಡ್ಡು ಲೆನ್ಸ್ ಮೇಲಿದ್ರೆ ಫೋಟೋ ಪೂರ್ತಿ ಮಂಜು ಮಂಜಾಗಿ ಬರುತ್ತೆ, ಎಷ್ಟೋ ಜನ ಕ್ಯಾಮೆರಾ ಸರಿ ಇಲ್ಲ ಅಂದ್ಕೊಂಡಿರೋದು ಇದಕ್ಕೇ.

ಸೀರೆ ಅಜ್ಜಿ ಇಷ್ಟ. ರೇಷ್ಮೆ ಸೀರೆ ಉಡ್ಸಿ ಅಂತ ಮನೇಲಿ ಎಲ್ರೂ ಹೇಳ್ತಾರೆ, ನನ್ನ ಕೇಳಿದ್ರೆ ದಿನಾ ಉಡೋ ಹತ್ತಿ ಸೀರೇನೇ ಚೆಂದ, ಜರಿ ಬೆಳಕಿಗೆ ಹೊಳೆದು ಕಣ್ಣು ಮುಖ ಬಿಟ್ಟು ಅಲ್ಲಿಗೇ ಹೋಗುತ್ತೆ. ತೀರಾ ಸಣ್ಣ ಗೆರೆ ಇರೋದು ಬೇಡ, ಡಿಜಿಟಲ್ ಕ್ಯಾಮೆರಾದಲ್ಲಿ ಆ ಗೆರೆಗಳು ಕಲಸ್ಕೊಂಡು ಅಲೆ ಅಲೆಯಾಗಿ ಕಾಣ್ತವೆ. ಸೆರಗು ತಲೆ ಮೇಲೆ ಇರ್ಲಾ ಬೇಡ್ವಾ, ಹಲ್ಲಿನ ಸೆಟ್ ಹಾಕ್ಕೊಳ್ಳೋದಾ ಬೇಡ್ವಾ, ಎರಡೂ ಅಜ್ಜಿನೇ ಕೇಳು. ಹಣೆ ಮೇಲಿನ ವಿಭೂತಿ ಹೆಂಗಿದೆಯೋ ಹಂಗೇ ಇರ್ಲಿ. ಮುಖಕ್ಕೆ ಎಣ್ಣೆ ಜಿಡ್ಡಿದ್ರೆ ಒಣ ಬಟ್ಟೇಲಿ ಒತ್ತಿ ತೆಗಿ, ಪೌಡರ್ ಬಳೀಬೇಡ. ಕನ್ನಡಕ ತೆಗೆಸ್ಬೇಡ, ಅದಿಲ್ಲದೆ ಅವರು ನಮ್ಮ ಅಜ್ಜಿ ಥರ ಕಾಣೋದೇ ಇಲ್ಲ. ಗಾಜಲ್ಲಿ ಬಾಗಿಲಿನ ಬೆಳಕು ಹೊಳೀತಿದ್ರೆ ಕನ್ನಡಕದ ಕಡ್ಡಿನ ಕಿವಿ ಮೇಲೆ ಒಂಚೂರು ಎತ್ತಿಡು, ಗಾಜು ಕೆಳಕ್ಕೆ ಬಾಗುತ್ತೆ, ಹೊಳಪು ಹೋಗುತ್ತೆ.

ಈಗ ಬೆಳಕು, ಇದನ್ನ ಚೆನ್ನಾಗಿ ಕೇಳಿಸ್ಕೊ, ಮಿಕ್ಕಿದ್ದು ಮರೆತ್ರೂ ಪರವಾಗಿಲ್ಲ. ಊರಿನ ಮನೆ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಬೇಗ ಬಿಸಿಲು ನೇರ ಪಡಸಾಲೆ ಒಳಕ್ಕೇ ಬರುತ್ತೆ, ಆಗ ತೆಗೆದ್ರೆ ಅಜ್ಜಿ ಕಣ್ಣು ಕಿವುಚುತ್ತೆ. ಹತ್ತು ಗಂಟೆ ಮೇಲೆ ಸೂರ್ಯ ಮೇಲೇರಿದಾಗ ಬಾಗಿಲಲ್ಲಿ ಬಿಸಿಲು ಇರಲ್ಲ, ಬರೀ ಬೆಳಕು ಇರುತ್ತೆ, ಮೆತ್ತಗೆ, ಮುಖದ ಒಂದು ಕಡೆಯಿಂದ ಸವರ್ಕೊಂಡು ಬರುತ್ತೆ. ಅಜ್ಜಿನ ಬಾಗಿಲಿಂದ ಎರಡು ಮೂರು ಅಡಿ ಒಳಗೆ ಕೂರ್ಸಿ ಮುಖ ಅರ್ಧ ಬಾಗಿಲ ಕಡೆ ತಿರುಗ್ಸು. ಮೂಗುಬಟ್ಟು ಯಾವ ಕಡೆ ಇದೆಯೋ ಆ ಕೆನ್ನೆ ಕ್ಯಾಮೆರಾಗೆ ಕಾಣ್ಲಿ. ಕಣ್ಣೊಳಗೆ ನೋಡು, ಕರಿಗುಡ್ಡೆಯಲ್ಲಿ ಬಾಗಿಲಿನ ಬಿಳಿ ಚುಕ್ಕೆ ಕಾಣ್ಬೇಕು, ಅದು ಕಂಡ್ರೆ ಕಣ್ಣಿಗೆ ಜೀವ ಇದೆ ಅಂತ ಲೆಕ್ಕ, ಕಾಣ್ಲಿಲ್ಲ ಅಂದ್ರೆ ಗದ್ದ ಸ್ವಲ್ಪ ಮೇಲೆತ್ತೋಕೆ ಹೇಳು ಇಲ್ಲಾ ಕುರ್ಚಿ ಒಂಚೂರು ತಿರುಗ್ಸು. ಮುಖದ ಇನ್ನೊಂದು ಕಡೆ ತೀರಾ ಕಪ್ಪಾದ್ರೆ ತಾತನ ಬಿಳಿ ಪಂಚೆ ಪೆಟ್ಟಿಗೇಲಿ ಇನ್ನೂ ಇದೆ, ಅದನ್ನ ಆ ಕಡೆ ಯಾರಾದ್ರೂ ಹಿಡ್ಕೊಂಡು ನಿಲ್ಲಲಿ, ಬೆಳಕು ಅದಕ್ಕೆ ಬಡಿದು ವಾಪಸ್ ಮುಖಕ್ಕೆ ಬರುತ್ತೆ, ಸಾವಿರಾರು ರೂಪಾಯಿ ರಿಫ್ಲೆಕ್ಟರ್ ಮಾಡೋ ಕೆಲಸ ಅದೇ. ಟ್ಯೂಬ್‌ಲೈಟು, ಬಲ್ಬು ಎಲ್ಲಾ ಆಫ್ ಮಾಡು, ಹಗಲು ಬೆಳಕಿನ ಜೊತೆ ಅವು ಬೆರೆತ್ರೆ ಅರ್ಧ ಮುಖ ಹಳದಿ, ಅರ್ಧ ಮುಖ ನೀಲಿ ಆಗುತ್ತೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಅಂತೂ ಮುಟ್ಟಲೇಬೇಡ.

ಪಡಸಾಲೆ ಗೋಡೆಗೆ ಹಸಿರು ಡಿಸ್ಟೆಂಪರ್ ಹೊಡೆಸಿದಾರಲ್ಲ, ಗೋಡೆಗೆ ಒತ್ಕೊಂಡು ಕೂರ್ಸಿದ್ರೆ ಆ ಹಸಿರು ಕೆನ್ನೆ ಮೇಲೆ ಬೀಳುತ್ತೆ, ನಾಲ್ಕೈದು ಅಡಿ ಮುಂದಕ್ಕೆ ಕೂರ್ಸು, ಹಿನ್ನೆಲೆ ಮಸುಕಾಗೋಕೂ ಅದು ಒಳ್ಳೇದು. ಮುಂದೆ ಯಾರ್ದಾದ್ರೂ ಮದುವೇಲಿ ತೆಗೆಯುವಾಗ್ಲೂ ನೆನಪಿರ್ಲಿ, ಕೆಂಪು ಶಾಮಿಯಾನದ ಕೆಳಗೆ ಎಲ್ಲರ ಮುಖನೂ ಕೆಂಪೇ. ಹಿಂದೆ ಕ್ಯಾಲೆಂಡರ್, ಸ್ವಿಚ್ ಬೋರ್ಡ್, ಹ್ಯಾಂಗರಿನ ಶರ್ಟು ಇದ್ರೆ ತೆಗ್ಸು, ಅಥವಾ ನೀನೇ ಒಂದು ಹೆಜ್ಜೆ ಪಕ್ಕಕ್ಕೆ ಹೋಗು. ಸಿದ್ಧಗಂಗಾ ಶ್ರೀಗಳ ಫೋಟೋ ಮಾತ್ರ ಇರ್ಲಿ ಬಿಡು, ಅಜ್ಜಿ ಬೆಳಿಗ್ಗೆ ಎದ್ದು ಮೊದಲು ನೋಡೋದು ಅದನ್ನೇ.

ಕ್ಯಾಮೆರಾ ಸೆಟ್ಟಿಂಗ್ ಜಾಸ್ತಿ ತಲೆ ಕೆಡಿಸ್ಕೋಬೇಡ. ನಿನ್ನ ಹತ್ರ ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್ ಇದ್ಯಲ್ಲ, ಅದರ ಝೂಮ್ 55ಕ್ಕೆ ಇಟ್ಕೊಂಡು ಆರೇಳು ಅಡಿ ದೂರ ನಿಂತ್ಕೊ. 18ರಲ್ಲಿ ಹತ್ರ ಹೋಗಿ ತೆಗೆದ್ರೆ ಮೂಗು ಲೆನ್ಸಿಗೆ ಹತ್ರ, ಕಿವಿ ದೂರ, ಹಂಗಾಗಿ ಮೂಗು ದಪ್ಪ ಆಗಿ ಕಿವಿ ಮಾಯ ಆಗುತ್ತೆ. ಫೋನಿನ ಕ್ಯಾಮೆರಾನೂ ಸಾಮಾನ್ಯವಾಗಿ ಹಂಗೇ ಅಗಲಕ್ಕೆ ನೋಡೋದು, ಸೆಲ್ಫೀಲಿ ಅಷ್ಟು ಹತ್ರದಿಂದ ತೆಗೆದಾಗ ಮುಖ ವಿಚಿತ್ರ ಕಾಣೋದು ಅದಕ್ಕೇ, ಫೋನಲ್ಲಿ ತೆಗೀಬೇಕಾದ್ರೆ ಹಿಂದೆ ಸರಿದು 2ಎಕ್ಸ್ ಝೂಮ್ ಹಾಕು. ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನ ಮಾಡ್ಬೇಡ, ವಯಸ್ಸಾದೋರ ತಲೆ ಸಣ್ಣಗೆ ಅದುರ್ತಿರುತ್ತೆ, ಬೆಳಕು ಸಾಲದಿದ್ರೆ ಐಎಸ್ಒ, ಅಂದ್ರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ನಂಬರು, 800, 1600 ತನಕ ಏರ್ಸು, ಸ್ವಲ್ಪ ಕಾಳು ಕಾಳು ಬಂದ್ರೂ ಅಡ್ಡಿ ಇಲ್ಲ, ಅಲುಗಾಡಿದ ಫೋಟೋನ ಯಾರೂ ಸರಿ ಮಾಡೋಕಾಗಲ್ಲ. ಮುಂದೆ 50 ಎಂಎಂ ಎಫ್ 1.8 ಲೆನ್ಸ್ ತಗೊಂಡ್ರೆ ನೆನಪಿರ್ಲಿ, ಎಫ್ ನಂಬರ್ ಕಮ್ಮಿ ಆದಷ್ಟೂ ಶಾರ್ಪ್ ಆಗೋ ಜಾಗ ತೆಳುವಾಗುತ್ತೆ, ಹುರುಪಲ್ಲಿ ಎಲ್ರೂ ಎಲ್ಲಾನೂ 1.8ರಲ್ಲೇ ತೆಗೀತಾರೆ, ಒಂದು ಕಣ್ಣು ಶಾರ್ಪ್, ಇನ್ನೊಂದು ಮಸುಕು, ಪೋರ್ಟ್ರೇಟ್‌ಗೆ 2.8, 4 ಇಟ್ರೆ ಸರಿಹೋಗುತ್ತೆ. ಫೋಕಸ್ ಯಾವಾಗ್ಲೂ ನಿನಗೆ ಹತ್ರ ಇರೋ ಕಣ್ಣಿನ ಮೇಲೆ. ಅಜ್ಜಿ ಚಾಪೆ ಮೇಲೆ ಕೂತಿದ್ರೆ ನೀನೂ ನೆಲದ ಮೇಲೆ ಕೂರು, ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕಿರ್ಲಿ, ಮೇಲಿಂದ ಬಗ್ಗಿ ತೆಗೆದ್ರೆ ದೊಡ್ಡೋರು ಪಾಪದೋರ ಥರ ಕಾಣ್ತಾರೆ, ನಂಗದು ಸರಿ ಕಾಣಲ್ಲ.

ಇನ್ನೊಂದು, ಬಣ್ಣ. ನಮ್ಮನೇಲಿ ಎಲ್ಲರದ್ದೂ ಕಪ್ಪು ಬಣ್ಣ, ಅಜ್ಜಿದಂತೂ ಹೊಲದ ಬಿಸಿಲಲ್ಲಿ ಮಾಗಿದ ಬಣ್ಣ. ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಕಂಡಿದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ, ಬಿಳಿ ಸೀರೆ ಜಾಸ್ತಿ ಕಂಡ್ರೆ ಮುಖ ಕಪ್ಪಾಗುತ್ತೆ, ಹಿಂದೆ ಕತ್ತಲೆ ಕೋಣೆ ಇದ್ರೆ ಮುಖ ಬೆಳ್ಳಗೆ ಬಿಳಿಚ್ಕೊಳ್ಳುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅಂತ ಪ್ಲಸ್ ಮೈನಸ್ ಇರುತ್ತೆ ನೋಡು, ಪ್ಲಸ್ ಮಾಡಿದ್ರೆ ಫೋಟೋ ಬೆಳ್ಳಗೆ, ಮೈನಸ್ ಮಾಡಿದ್ರೆ ಕಪ್ಪಗೆ ಬರುತ್ತೆ, ಅದನ್ನ ಮುಖ ನೋಡ್ಕೊಂಡು ಸರಿ ಮಾಡ್ಕೊ, ಬೇರೆ ಯಾವುದನ್ನೂ ನೋಡ್ಬೇಡ. ಆಮೇಲೆ ಕಂಪ್ಯೂಟರಲ್ಲಿ ಬೆಳ್ಳಗೆ ಮಾಡೋದು, ಸುಕ್ಕು ಅಳಿಸೋದು, ಬ್ಯೂಟಿ ಮೋಡ್ ಹಾಕೋದು, ಇದೆಲ್ಲ ಮಾಡಿದೆ ಅಂತ ಗೊತ್ತಾದ್ರೆ ನಾನು ನಿನ್ನ ಹತ್ರ ಮಾತಾಡಲ್ಲ. ಸ್ಟುಡಿಯೋಗೆ ಬಂದ ಎಷ್ಟೋ ಹುಡುಗೀರು ಗಂಡಿನ ಕಡೆಯೋರಿಗೆ ಕೊಡ್ಬೇಕು ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಅಂತ ತಲೆ ತಗ್ಗಿಸ್ಕೊಂಡು ಕೇಳೋದು ನೋಡಿ ನೋಡಿ ನನಗೆ ಸಂಕಟ ಆಗಿದೆ. ಇರೋ ಬಣ್ಣ ಇರೋ ಹಾಗೇ ಚೆಂದ ಬರ್ಬೇಕು, ಅದು ಬೆಳಕಿಂದ ಆಗೋ ಕೆಲಸ.

ಸ್ಮೈಲ್ ಪ್ಲೀಸ್ ಅನ್ಬೇಡ. ಅಂದ ತಕ್ಷಣ ಅಜ್ಜಿ ತುಟಿ ಬಿಗಿ ಹಿಡಿದು ಆಧಾರ್ ಕಾರ್ಡಿಗೆ ಕೂತ ಹಾಗೆ ಕೂತ್ಬಿಡುತ್ತೆ. ಕೈಗೆ ಕೆಲಸ ಕೊಡು, ಈಗ ಹುಣಸೆಹಣ್ಣಿನ ಕಾಲ, ಮುಂದೆ ಒಂದು ಮೊರ ಇಟ್ಕೊಂಡು ಬೀಜ ಬಿಡಿಸ್ತಾ ಕೂರ್ಲಿ, ನೀನು ತೆಂಗಿನ ತೋಟದ ಬೇಲಿ ಜಗಳ ಏನಾಯ್ತಜ್ಜಿ ಅಂತ ಕೇಳು, ಅಷ್ಟೇ, ಕಣ್ಣು, ಹುಬ್ಬು, ಕೈ ಎಲ್ಲಾ ಮಾತಾಡೋಕೆ ಶುರು ಮಾಡ್ತವೆ. ಜೋರಾಗಿ ನಕ್ಕಾಗ ಒತ್ತಬೇಡ, ನಕ್ಕು ಮುಗಿದು ಉಸಿರು ಬಿಡ್ತಾರಲ್ಲ, ಆಗ ಒತ್ತು, ನಗು ಕಣ್ಣಲ್ಲಿ ಇನ್ನೂ ಇರುತ್ತೆ, ಮುಖ ಮಾತ್ರ ಸಡಿಲ ಆಗಿರುತ್ತೆ. ಯೂಸುಫ್ ಕಾರ್ಶ್ ಅಂತ ಒಬ್ಬ ಫೋಟೋಗ್ರಾಫರ್ 1941ರಲ್ಲಿ ಕೆನಡಾದಲ್ಲಿ ಬ್ರಿಟನ್ ಪ್ರಧಾನಿ ಚರ್ಚಿಲ್ ಬಾಯಿಂದ ಸಿಗಾರ್ ಕಿತ್ಕೊಂಡು ಆ ಸಿಟ್ಟಿನ ಮುಖಾನೇ ತೆಗೆದ, ಅದು ಪ್ರಪಂಚ ಪೂರ್ತಿ ಹೆಸರಾಯ್ತು. ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ ಅವರು ತೆಗೆದ ಫೋಟೋ ಹುಡುಕಿ ನೋಡು, 1977ರಲ್ಲಿ ಪದ್ಮಶ್ರೀ ಬಂತು ಅವರಿಗೆ, ಅವರ ಕ್ಯಾಮೆರಾದಲ್ಲಿ ಮಕ್ಕಳು, ಸಾಮಾನ್ಯ ಜನ ಎಷ್ಟು ಹಗುರಾಗಿ ಇದಾರೆ ಅಂತ. ನಮಗೆ ಬೇಕಿರೋದು ಅದು, ಅಜ್ಜಿನ ಕೆಣಕಿ ತೆಗೆಯೋದಲ್ಲ. ಎಲೆ ಅಡಿಕೆ ಹಾಕ್ಕೊಂಡಿದ್ರೆ ಹಾಕ್ಕೊಂಡಿರ್ಲಿ. ಸುಸ್ತಾಯ್ತು ಅಂದ್ರೆ ನಿಲ್ಲಿಸ್ಬಿಡು, ನಾಳೆ ತೆಗೆದ್ರಾಯ್ತು.

ಕೈ ಪಳಗಬೇಕು ಅಂದ್ರೆ ಊರಿಗೆ ಹೋಗೋ ಮುಂಚೆ ಇಲ್ಲಿ ತುಮಕೂರಲ್ಲಿ ಇಳ್ಕೊಂಡು ಸಿದ್ಧಗಂಗೆ ದನಗಳ ಜಾತ್ರೆಗೆ ಹೋಗ್ಬಾ, ಹಳ್ಳಿಕಾರ್ ಎತ್ತು ಕಟ್ಕೊಂಡು ಕೂತಿರೋ ರೈತರ ಮುಖದಲ್ಲಿ ಎಂಥ ಹೆಮ್ಮೆ ಇರುತ್ತೆ ಗೊತ್ತಾ. ಕೇಳದೆ ತೆಗೀಬೇಡ, ಮೊದಲು ಎತ್ತಿನ ಬಗ್ಗೆ ಮಾತಾಡು. ನಡು ಮಧ್ಯಾಹ್ನ ಬಯಲಲ್ಲಿ ತೆಗೆದ್ರೆ ಕಣ್ಣಿನ ಗುಳಿಲಿ ಕಪ್ಪು ನೆರಳು ಕೂರುತ್ತೆ, ಚಪ್ಪರದ ಅಂಚಿನ ನೆರಳಿಗೆ ಕರ್ಕೊಂಡು ಬಾ, ಇಲ್ಲಾ ಸಂಜೆ ಐದರ ಮೇಲೆ ಹೋಗು. ತೆಗೆದ ಫೋಟೋ ಅವರ ನಂಬರಿಗೆ ಕಳಿಸ್ತೀನಿ ಅಂದ್ರೆ ಕಳಿಸ್ಲೇಬೇಕು ಕಣೋ, ಮಾತು ತಪ್ಪಬಾರದು.

ಅಜ್ಜಿದು ತೆಗೆಯುವಾಗ ಫ್ರೇಮ್ ತುಂಬಾ ಬಿಗಿ ಮಾಡ್ಬೇಡ, ತಲೆ ಮೇಲೆ, ಪಕ್ಕಕ್ಕೆ ಜಾಗ ಬಿಡು. ನಿನ್ನ ಕ್ಯಾಮೆರಾದ ಫೋಟೋ 12x18 ಇಂಚಿನ ಪ್ರಿಂಟಿಗೆ ಸರಿಯಾಗಿ ಕೂರುತ್ತೆ, 8x10 ಅಥವಾ 10x12 ಹಾಕಿಸಿದ್ರೆ ಉದ್ದದಲ್ಲಿ ಕಟ್ ಆಗುತ್ತೆ, ಫ್ರೇಮ್ ಹಾಕೋನು ಇನ್ನೊಂಚೂರು ನುಂಗ್ತಾನೆ. ಮಣಿಕಟ್ಟಿನ ಹತ್ರ, ಮೊಣಕೈ ಹತ್ರ ಕತ್ತರಿಸ್ಬೇಡ. ಎಲ್ಲಾ ಮುಗಿದ ಮೇಲೆ ಹಿಂದೆ ಬಿಳಿ ಬೆಡ್‌ಶೀಟ್ ಕಟ್ಟಿ ನೇರ ಮುಖದ್ದು ಒಂದು ತೆಗೆದಿಟ್ಕೊ, ಪೆನ್ಷನ್ನು ಬ್ಯಾಂಕು ಅಂತ ಪಾಸ್‌ಪೋರ್ಟ್ ಸೈಜ್ ಕೇಳ್ತಾನೇ ಇರ್ತಾರೆ, 35x45 ಮಿಲಿಮೀಟರಿಗೆ ಕಟ್ ಮಾಡ್ಸಿದ್ರಾಯ್ತು, ಪಾಪ ಅದಕ್ಕೋಸ್ಕರ ಅಜ್ಜಿನ ಬಸ್ ಹತ್ತಿಸ್ಕೊಂಡು ಗುಬ್ಬಿಗೆ ಕರ್ಕೊಂಡು ಹೋಗೋದು ತಪ್ಪುತ್ತೆ.

ಮನೆಗೆ ಬಂದ ದಿನವೇ ಎರಡು ಕಡೆ ಕಾಪಿ ಮಾಡಿಡು. ಪ್ರಿಂಟ್ ಮ್ಯಾಟ್ ಪೇಪರಲ್ಲಿ ಹಾಕ್ಸು, ಗ್ಲಾಸಿ ಆದ್ರೆ ಗೋಡೆ ಮೇಲೆ ಬರೀ ಕಿಟಕಿ ಹೊಳೆಯೋದೇ ಕಾಣುತ್ತೆ. ಹಾಕ್ಸೋಕೆ ಮುಂಚೆ ನಂಗೆ ಒಂದೈದಾರು ಕಳ್ಸು, ನೋಡಿ ಹೇಳ್ತೀನಿ, ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಸೈಜ್ ಕುಗ್ಸಿಬಿಡುತ್ತೆ, ಡಾಕ್ಯುಮೆಂಟ್ ಅಂತ ಸೆಲೆಕ್ಟ್ ಮಾಡಿ ಕಳ್ಸು.

ನಿನ್ನ ದೊಡ್ಡಮ್ಮ